ಗುಲಗಂಜಿ ತೂಕದ ಚಿನ್ನಕ್ಕೆ ಯಾವ ಡಿಟೆಕ್ಟರ್?

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೂವತ್ತು ಡಾಲರ್ ಆಸುಪಾಸು ಕಟ್ಟಿದರೆ ‘ಮೈನರ್ಸ್ ರೈಟ್’ ಅನ್ನುವ ಪರವಾನಗಿ ಸಿಗುತ್ತದೆ. ಹತ್ತು ವರ್ಷ ನಡೆಯುತ್ತದೆ. ಅದಿದ್ದರೆ ಸರ್ಕಾರಿ ಜಮೀನಿನಲ್ಲಿ, ನಿಷೇಧ ಇಲ್ಲದ ಕಡೆ, ಕೈಸಲಕರಣೆ ಹಿಡಿದು ಚಿನ್ನ ಹುಡುಕಬಹುದು. ಸಿಕ್ಕಿದ್ದು ಹುಡುಕಿದವರದ್ದೇ. ಈ ಹಕ್ಕು ಸುಮ್ನೆ ಬಂದದ್ದಲ್ಲ. 1854ರಲ್ಲಿ ಬ್ಯಾಲರಾಟ್‌ನ ಚಿನ್ನದ ಕೆಲಸಗಾರರು ತಿಂಗಳ ಲೈಸೆನ್ಸ್ ಶುಲ್ಕದ ವಿರುದ್ಧ ಎದ್ದು, ಯುರೇಕಾದಲ್ಲಿ ಮರದ ತಡೆ ಕಟ್ಟಿ, ಹಲವರು ಸೈನಿಕರ ಗುಂಡಿಗೆ ಬಲಿಯಾದರು. ಮರುವರ್ಷ ಆ ಲೈಸೆನ್ಸ್ ಹೋಗಿ, ವರ್ಷಕ್ಕೆ ಒಂದು ಪೌಂಡಿನ ಮೈನರ್ಸ್ ರೈಟ್ ಬಂತು. ಅದೇ ಹೆಸರಿನ ಕಾಗದ ಈಗ ನನ್ನ ಫೋನಿನಲ್ಲಿ ಪಿಡಿಎಫ್ ಆಗಿ ಕೂತಿದೆ.

ಕಾಗದ ಒಂದು ಸಂಜೆಯಲ್ಲಿ ಆಯಿತು. ಮೆಟಲ್ ಡಿಟೆಕ್ಟರ್, ಅಂದರೆ ನೆಲದೊಳಗಿನ ಲೋಹ ಪತ್ತೆ ಮಾಡುವ ಯಂತ್ರ, ಆರಿಸೋಕೆ ತಿಂಗಳುಗಟ್ಟಲೆ ಹಿಡಿಯಿತು.

ನನಗೆ ಬೇಕಾಗಿದ್ದದ್ದು ಎರಡು. ಒಂದು, ಸಣ್ಣ ಚಿನ್ನ ಕಾಣಬೇಕು. ಎರಡು, ತೊರೆಯ ನೀರಿಗೆ ಇಳಿಸಿದರೂ ಕೆಡಬಾರದು. ಕೇಳೋಕೆ ಸರಳವಾಗಿದೆ, ಅಲ್ವಾ? ಅಂಗಡಿಯ ಗೋಡೆಯ ಮುಂದೆ ನಿಂತರೆ ಈ ಎರಡೂ ಒಂದೇ ಯಂತ್ರದಲ್ಲಿ ಸಿಗುವುದು ಅಪರೂಪ ಅಂತ ಗೊತ್ತಾಗುತ್ತದೆ.

ಸಣ್ಣದೇ ಯಾಕೆ? ದೊಡ್ಡದನ್ನು ಮುಂಚೆ ಬಂದವರು ಎತ್ತಿಕೊಂಡು ಹೋಗಿದ್ದಾರೆ. 1869ರಲ್ಲಿ ಮೊಲಿಯಾಗಲ್ ಎಂಬಲ್ಲಿ ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ ಸಿಕ್ಕ ‘ವೆಲ್ಕಮ್ ಸ್ಟ್ರೇಂಜರ್’ ಗಟ್ಟಿ 72 ಕಿಲೋದಷ್ಟಿತ್ತು. ಅದು ನೆಲದಿಂದ ಬರೀ ಮೂರು ಸೆಂಟಿಮೀಟರ್ ಕೆಳಗಿತ್ತು. ತೂಗೋಕೆ ತಕ್ಕಡಿ ಸಾಲದೆ ಡನೋಲಿ ಪೇಟೆಯಲ್ಲಿ ಕಮ್ಮಾರರ ಅಡಿಗಲ್ಲಿನ ಮೇಲಿಟ್ಟು ಒಡೆದರಂತೆ. 1980ರಲ್ಲಿ ಕಿಂಗೋವರ್ ಎಂಬಲ್ಲಿ 27 ಕಿಲೋದ ‘ಹ್ಯಾಂಡ್ ಆಫ್ ಫೇತ್’ ಸಿಕ್ಕಿತು. ಅದು ಮೆಟಲ್ ಡಿಟೆಕ್ಟರ್‌ನಿಂದಲೇ ಸಿಕ್ಕಿದ್ದು. ಆಮೇಲೆ ಕೇಳಬೇಕೆ? ಈ ನಾಲ್ಕು ದಶಕಗಳಲ್ಲಿ ಜನ ಆ ನೆಲವನ್ನು ಅಂಗುಲ ಅಂಗುಲವಾಗಿ ಬಾಚಿದ್ದಾರೆ. ಹಳೆಯ ಯಂತ್ರಗಳ ಕಿವಿಗೆ ಬೀಳದ್ದಷ್ಟೇ ಈಗ ಉಳಿದಿರುವುದು. ಅದರಲ್ಲಿ ಬಹುಪಾಲು ಒಂದು ಗ್ರಾಂಗಿಂತ ಕಡಿಮೆ ತೂಕದ ಚೂರು.

ನಾನು ಅದನ್ನು ಗುಲಗಂಜಿ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮ ಊರಿನ ಅಕ್ಕಸಾಲಿಗರು ತೂಗುತ್ತಿದ್ದ ಆ ಕೆಂಪು ಬೀಜ ಹೆಚ್ಚುಕಮ್ಮಿ 0.12 ಗ್ರಾಂ. ನನಗೆ ಬೇಕಾಗಿದ್ದ ಯಂತ್ರ ಎರಡು ಗುಲಗಂಜಿ ತೂಕದ ಚಿನ್ನವನ್ನು ಖಾತ್ರಿಯಾಗಿ ಹೇಳಬೇಕು, ಒಂದನ್ನು ಅದೃಷ್ಟ ಇದ್ದಾಗ ಹೇಳಬೇಕು. ತೂಕಕ್ಕೆ ಅಷ್ಟಿದ್ದರೂ ಗಾತ್ರದಲ್ಲಿ ಚಿನ್ನ ಬೀಜಕ್ಕಿಂತ ಎಷ್ಟೋ ಚಿಕ್ಕದು.

ಇನ್ನು ನೀರು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಮರಳು ಎರಡೂವರೆ ಪಟ್ಟು ಚಿಲ್ಲರೆ. ಹಾಗಾಗಿ ಪ್ರವಾಹ ಬಂದಾಗಲೆಲ್ಲ ಚಿನ್ನ ಮರಳಿನ ಸಂದಿಯಲ್ಲಿ ಕೆಳಗೆ ಕೆಳಗೆ ಜಾರಿ, ತಳದ ಬಂಡೆಯ ಬಿರುಕಿನಲ್ಲಿ ಕೂರುತ್ತದೆ. ಇಲ್ಲಿನ ಎಷ್ಟೋ ತೊರೆಗಳಲ್ಲಿ ತಳದ ಪದರುಗಲ್ಲು ಮಲಗಿರುವುದಿಲ್ಲ, ನೆಟ್ಟಗೆ ನಿಂತಿರುತ್ತದೆ. ಪದರಿನ ನಡುವಿನ ಒಂದೊಂದು ಸಂದಿಯೂ ಒಂದು ಬಲೆ. ಬೇಸಿಗೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಆ ಸಂದಿಗಳನ್ನು ಕೇಳಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ. ಒಣ ಬಯಲಿನಲ್ಲಿ ಬಿಸಿಲಿಗೆ ನಡೆಯುವುದು ನನಗೆ ಅಷ್ಟಕ್ಕಷ್ಟೆ.

ಮೊದಲು ಎಡವಿಸುವುದು ಡಬ್ಬಿಯ ಮೇಲಿನ ‘ವಾಟರ್‌ಪ್ರೂಫ್’ ಅನ್ನುವ ಮಾತು. ಚಿನ್ನಕ್ಕೆಂದೇ ಮಾಡಿದ ಎಷ್ಟೋ ಡಿಟೆಕ್ಟರ್‌ಗಳಲ್ಲಿ ನೀರಿಗೆ ತಡೆಯುವುದು ಕೆಳಗಿನ ಕಾಯಿಲ್, ಅಂದರೆ ನೆಲದ ಮೇಲೆ ಆಡಿಸುವ ತಂತಿ ಸುರುಳಿಯ ತಟ್ಟೆ, ಮಾತ್ರ. ಮೇಲಿನ ಎಲೆಕ್ಟ್ರಾನಿಕ್ಸ್ ಡಬ್ಬಿಗೆ ಜೋರು ಮಳೆಯೂ ಆಗದು. ಮೈನ್‌ಲ್ಯಾಬ್ ಕಂಪನಿಯ ಗೋಲ್ಡ್ ಮಾನ್ಸ್ಟರ್ 1000 ಹಾಗೇ. ಅದರ ಫ್ರೀಕ್ವೆನ್ಸಿ 45 ಕಿಲೋಹರ್ಟ್ಸ್ (ಇದು ಹೆಚ್ಚಿದಷ್ಟೂ ಸಣ್ಣ ಚಿನ್ನ ಸಿಗುತ್ತದೆ, ಯಾಕೆ ಅಂತ ಮುಂದೆ ಹೇಳುತ್ತೇನೆ), ಸಣ್ಣ ಚಿನ್ನಕ್ಕೆ ಬಲು ಚುರುಕು, ಹೊಸಬರಿಗೂ ಸುಲಭ. ಆದರೆ ಡಬ್ಬಿ ನೀರಿಗೆ ಬಿದ್ದರೆ ಮುಗಿಯಿತು. ಗ್ಯಾರೆಟ್ 24ಕೆ ಕೂಡ ಅಷ್ಟೆ, 48 ಕಿಲೋಹರ್ಟ್ಸ್. ಫಿಶರ್ ಗೋಲ್ಡ್ ಬಗ್ 2 ಬಲು ಹಳೆಯ ಹುಲಿ. 71 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ನುಚ್ಚು ಚಿನ್ನಕ್ಕೆ ಇವತ್ತಿಗೂ ಅದನ್ನೇ ನೆಚ್ಚಿಕೊಂಡವರಿದ್ದಾರೆ. ಅದರ ಡಬ್ಬಿಯನ್ನೂ ನೀರಿನಿಂದ ದೂರ ಇಡಬೇಕು.

‘ದಡದಲ್ಲಿ ನಿಂತು ಕಾಯಿಲ್ ಮಾತ್ರ ಅದ್ದಿದರೆ ಆಯಿತಲ್ಲ’ ಅಂತ ಅಂಗಡಿಯವರು ಹೇಳುತ್ತಾರೆ. ತೊರೆಯಲ್ಲಿ ಒಂದು ಮಧ್ಯಾಹ್ನ ಕಳೆದವರು ಹಾಗೆ ಹೇಳುವುದಿಲ್ಲ. ಪಾಚಿ ಹಿಡಿದ ಕಲ್ಲಿನ ಮೇಲೆ ಕಾಲಿಡಬೇಕು. ಒಂದು ಕೈಯಲ್ಲಿ ಯಂತ್ರ, ಇನ್ನೊಂದರಲ್ಲಿ ಪಿಕಾಸಿ. ಅಗೆಯೋಕೆ ಬಗ್ಗಿದಾಗ ಯಂತ್ರವನ್ನು ಎಲ್ಲಾದರೂ ಇಡಬೇಕಲ್ಲ? ಅಲ್ಲಿ ಇಡೋಕೆ ಇರುವುದು ನೀರೇ. ನನಗೆ ಮೂರು ಮೀಟರ್ ಆಳಕ್ಕೆ ಮುಳುಗುವ ಯಂತ್ರ ಬೇಕಿರಲಿಲ್ಲ. ಕೈ ಜಾರಿ ಬಿದ್ದರೆ ಎತ್ತಿ ಒರೆಸಿ ಮುಂದುವರಿಯುವಂಥದ್ದು ಬೇಕಿತ್ತು.

ಹೀಗೆ ಸೋಸಿದ ಮೇಲೆ ಪಟ್ಟಿ ಸಣ್ಣದಾಯಿತು. ಗ್ಯಾರೆಟ್ ಎಟಿ ಗೋಲ್ಡ್ ಮೂರು ಮೀಟರ್ ಆಳದ ನೀರು ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ 18 ಕಿಲೋಹರ್ಟ್ಸ್. ನಾನು ಹುಡುಕುವ ಚೂರಿಗೆ ಅದು ಸ್ವಲ್ಪ ಮಂದ. ನೋಕ್ಟಾದ ಗೋಲ್ಡ್ ಕ್ರೂಸರ್ 61 ಕಿಲೋಹರ್ಟ್ಸ್, ಐದು ಮೀಟರ್. ಮೈನ್‌ಲ್ಯಾಬ್ ಈಕ್ವಿನಾಕ್ಸ್ 900 ಕೂಡ ಐದು ಮೀಟರ್. ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುತ್ತದೆ, ಬೇಕಾದರೆ 40 ಕಿಲೋಹರ್ಟ್ಸ್ ಒಂದನ್ನೇ ಆರಿಸಬಹುದು, ಚಿನ್ನಕ್ಕೆ ಬೇರೆ ಮೋಡ್ ಇದೆ. ಎಕ್ಸ್‌ಪಿ ಡಿಯಸ್ 2 ಇಪ್ಪತ್ತು ಮೀಟರ್ ಆಳಕ್ಕೂ ಸೈ, ಮುಳುಗು ಹಾಕುವವರ ಯಂತ್ರ. ಕೊನೆಯದು ಮೈನ್‌ಲ್ಯಾಬ್ ಎಸ್‌ಡಿಸಿ 2300. ಮೂರು ಮೀಟರ್ ತಡೆಯುತ್ತದೆ. ನೆಲಬಾಂಬ್ ಹುಡುಕುವ ಮಿಲಿಟರಿ ಯಂತ್ರದ ಅಚ್ಚಿನಲ್ಲಿ ಮಾಡಿದ್ದು, ಮಡಚಿದರೆ ಬೆನ್ನಿನ ಚೀಲದಲ್ಲಿ ಕೂರುತ್ತದೆ. ಜಾತಿಯೇ ಬೇರೆ.

ಜಾತಿ ಬೇರೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರ ಆರಿಸುವಾಗ ನಿಜವಾದ ಕವಲು ಇಲ್ಲೇ ಇರುವುದು, ನೀರಿನ ವಿಷಯದಲ್ಲಲ್ಲ.

ಎಲ್ಲಾ ಡಿಟೆಕ್ಟರ್‌ಗಳೂ ಕಾಯಿಲ್‌ನಿಂದ ಕಾಂತಕ್ಷೇತ್ರವನ್ನು ನೆಲಕ್ಕೆ ಕಳಿಸುತ್ತವೆ. ಅದು ಲೋಹದ ಚೂರಿಗೆ ತಾಗಿದರೆ ಚೂರಿನೊಳಗೆ ಪುಟ್ಟ ವಿದ್ಯುತ್ ಸುಳಿ ಹುಟ್ಟುತ್ತದೆ. ಆ ಸುಳಿ ಮತ್ತೆ ತನ್ನದೇ ಕಾಂತಕ್ಷೇತ್ರ ಎಬ್ಬಿಸುತ್ತದೆ, ಯಂತ್ರ ಅದನ್ನು ಕೇಳಿಸಿಕೊಳ್ಳುತ್ತದೆ. ಚೂರು ಚಿಕ್ಕದಾದಷ್ಟೂ ಸುಳಿ ಬೇಗ ಸಾಯುತ್ತದೆ. ಮೈಕ್ರೋಸೆಕೆಂಡುಗಳ ಆಟ. ಅದಕ್ಕೇ ಸಣ್ಣ ಚಿನ್ನಕ್ಕೆ ಹೆಚ್ಚಿನ ಫ್ರೀಕ್ವೆನ್ಸಿ ಬೇಕು. ನಾಣ್ಯ ಹುಡುಕುವವರು ಐದು, ಹತ್ತು ಕಿಲೋಹರ್ಟ್ಸ್‌ನಲ್ಲಿ ಆರಾಮಾಗಿರುತ್ತಾರೆ. ನಮಗೆ 40, 60, 70 ಬೇಕಾಗುತ್ತದೆ.

ಸಮಸ್ಯೆ ಏನೆಂದರೆ ಫ್ರೀಕ್ವೆನ್ಸಿ ಏರಿದ ಹಾಗೆ ಯಂತ್ರ ನೆಲದ ಮಾತನ್ನೂ ಜಾಸ್ತಿ ಕೇಳಿಸಿಕೊಳ್ಳುತ್ತದೆ. ವಿಕ್ಟೋರಿಯಾದ ಚಿನ್ನದ ನೆಲದಲ್ಲಿ ಕಬ್ಬಿಣದಂಶ ವಿಪರೀತ. ಕೆಂಪು ಮಣ್ಣು, ಕರಿ ಕಲ್ಲು. ಕೆಲವು ಕಲ್ಲುಗಳಂತೂ ಚಿನ್ನದ ಹಾಗೇ ಕೂಗುತ್ತವೆ, ಇಲ್ಲಿ ಅವನ್ನು ‘ಹಾಟ್ ರಾಕ್’ ಅನ್ನುತ್ತಾರೆ. ಬಿಡದೆ ಅಲೆ ಕಳಿಸುವ ವಿಎಲ್‌ಎಫ್ ಜಾತಿಯ ಯಂತ್ರಗಳಿಗೆ, ಅಂದರೆ ಎಸ್‌ಡಿಸಿ ಬಿಟ್ಟು ನಾನು ಮೇಲೆ ಹೇಳಿದ ಎಲ್ಲಕ್ಕೂ, ಆ ನೆಲದಲ್ಲಿ ಕಿವಿ ಕಿವುಡಾಗುತ್ತದೆ. ಪಲ್ಸ್ ಇಂಡಕ್ಷನ್ ಜಾತಿಯದ್ದು ಹಾಗಲ್ಲ. ಒಂದು ಮಿಡಿತ ಕಳಿಸಿ, ನಿಲ್ಲಿಸಿ, ಆಮೇಲೆ ಕೇಳುತ್ತದೆ. ಅಷ್ಟರಲ್ಲಿ ನೆಲದ ಗದ್ದಲ ಬಹುಮಟ್ಟಿಗೆ ಅಡಗಿರುತ್ತದೆ. ಆದರೆ ಹಳೆಯ ಪಲ್ಸ್ ಯಂತ್ರಗಳು ಕೇಳೋಕೆ ಶುರು ಮಾಡುವ ಹೊತ್ತಿಗೆ ಗುಲಗಂಜಿ ಚಿನ್ನದ ದನಿಯೂ ಸತ್ತಿರುತ್ತಿತ್ತು. ದೊಡ್ಡ ಗಟ್ಟಿ ಆಳದಲ್ಲಿ ಸಿಗುತ್ತಿತ್ತು, ಮೇಲಿದ್ದ ಚೂರು ಸಿಗುತ್ತಿರಲಿಲ್ಲ. ಎಸ್‌ಡಿಸಿ 2300 ಬಂದದ್ದು ಆ ಕೊರತೆ ತುಂಬೋಕೆ. ಮಿಡಿತ ನಿಂತ ಕೂಡಲೇ ಕೇಳುವ ಪಲ್ಸ್ ಯಂತ್ರ ಅದು, ಜೊತೆಗೆ ನೀರಿಗೂ ಸಿದ್ಧ.

ಹಾಗಾದರೆ ಅದನ್ನೇ ತಗೊಂಡರೆ ಆಯಿತಲ್ಲ? ಬೆಲೆ. ನಾನು ಹುಡುಕುವಾಗ ಹೊಸದಕ್ಕೆ ನಾಲ್ಕು ಸಾವಿರ ಡಾಲರ್ ಹತ್ತಿರ ಇತ್ತು. ಉಳಿದವುಗಳಲ್ಲಿ ಹೆಚ್ಚಿನವು ಅದರ ಅರ್ಧಕ್ಕೂ ಕಡಿಮೆ. ನಮ್ಮ ಮನೆಯವಳು ಲೆಕ್ಕದಲ್ಲಿ ಗಟ್ಟಿ. “ರೀ, ಆ ದುಡ್ಡಿಗೆ ಒಂದು ಒಳ್ಳೆ ಸರ ಬರುತ್ತೆ. ಅಂಗಡೀಲಿ ಚಿನ್ನ ಹುಡುಕೋಕೆ ಡಿಟೆಕ್ಟರ್ ಬೇಡ, ಬಾಗಿಲು ತೆಗೆದ ಕೂಡ್ಲೇ ಕಾಣುತ್ತೆ” ಅಂದಳು. ಈ ವಾದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ.

ಚಿನ್ನದ ಸೀಮೆಯ ಪೇಟೆಗಳಲ್ಲಿ ಡಿಟೆಕ್ಟರ್ ಬಾಡಿಗೆಗೆ ಸಿಗುತ್ತದೆ. ಕೊಳ್ಳುವ ಮುಂಚೆ ಬಾಡಿಗೆಗೆ ತನ್ನಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಹಾಗೇ ಮಾಡಿದೆ. ಒಂದು ಯಂತ್ರ ಬಾಡಿಗೆಗೆ ಬಂತು, ಒಂದನ್ನು ಗೆಳೆಯ ಕೊಟ್ಟ, ಇನ್ನೊಂದು ಬೆಂಡಿಗೊ ಕಡೆಯ ಒಬ್ಬ ಹಿರಿಯರದ್ದು. ಅವರು ನಿವೃತ್ತ ಎಲೆಕ್ಟ್ರಿಷಿಯನ್. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಆದರೆ ಬೆಳಗ್ಗೆಯಿಂದ ಸಂಜೆಯವರೆಗೆ ನನ್ನ ಜೊತೆ ಬಿಸಿಲಿನಲ್ಲಿ ಕೂತರು.

ಅವರ ಹತ್ತಿರ ಪರೀಕ್ಷೆಗೆಂದೇ ಒಂದು ಚೂರು ಇತ್ತು. 0.2 ಗ್ರಾಂ, ಅಂದರೆ ಎರಡು ಗುಲಗಂಜಿಗೂ ಸ್ವಲ್ಪ ಕಡಿಮೆ. ಪ್ಲಾಸ್ಟಿಕ್ ಕಾರ್ಡಿಗೆ ಅಂಟಿಸಿದ್ದರು, ಕಳೆದುಹೋಗಬಾರದು ಅಂತ. ಮೊದಲು ಕಾರ್ಡನ್ನು ಗಾಳಿಯಲ್ಲಿ ಆಡಿಸಿದೆವು. ಗೋಲ್ಡ್ ಕ್ರೂಸರ್, ಈಕ್ವಿನಾಕ್ಸ್, ಎಸ್‌ಡಿಸಿ ಮೂರೂ ಚೆನ್ನಾಗಿ ಹೇಳಿದವು. ಅಂಗಡಿಯಲ್ಲಿ ತೋರಿಸುವುದು ಈ ಪರೀಕ್ಷೆಯನ್ನೇ. ಇದರಿಂದ ಏನೂ ಗೊತ್ತಾಗುವುದಿಲ್ಲ.

ಆಮೇಲೆ ಡನೋಲಿ ಹತ್ತಿರದ ಕೆಂಪು ನೆಲದಲ್ಲಿ ಸಣ್ಣ ಗುಂಡಿ ತೋಡಿ, ಕಾರ್ಡ್ ಇಟ್ಟು, ಮಣ್ಣು ಮುಚ್ಚಿದೆವು. ಎರಡು ಬೆರಳು ಮಣ್ಣಿರುವವರೆಗೆ ವಿಎಲ್‌ಎಫ್ ಯಂತ್ರಗಳು ಹೇಗೋ ಹೇಳುತ್ತಿದ್ದವು. ಮೂರನೇ ಬೆರಳಿಗೆ ದನಿ ನೆಲದ ಕಲರವದಲ್ಲಿ ಕಲೆತು ಹೋಯಿತು. ಅಲ್ಲಿ ಚಿನ್ನ ಇದೆ ಅಂತ ಗೊತ್ತಿದ್ದೂ ಕೇಳಿಸಲಿಲ್ಲ. ಎಸ್‌ಡಿಸಿ ನಾಲ್ಕು ಬೆರಳಿಗೂ ಸ್ಪಷ್ಟವಾಗಿ ಕೂಗಿತು, ಐದಕ್ಕೆ ಪಿಸುಗುಟ್ಟಿತು. ಮೂರು ಬೆರಳಿನ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಎಲ್ಲರೂ ಬಾಚಿ ಬಿಟ್ಟ ನೆಲದಲ್ಲಿ ಚಿನ್ನ ಉಳಿದಿರುವುದೇ ಆ ಮೂರು ಬೆರಳಿನಲ್ಲಿ.

ಇಲ್ಲಿಗೆ ತೀರ್ಮಾನ ಆಯಿತು ಅಂದುಕೊಂಡೆ. ಹಿರಿಯರು ತಲೆಯಾಡಿಸಿ, “ನೀನು ತೊರೆಗೆ ಹೋಗುವವನು. ತೊರೆಯಲ್ಲಿ ನೋಡು” ಅಂದರು.

ಮುಂದಿನ ವಾರ ಈಶಾನ್ಯದ ಬೀಚ್‌ವರ್ತ್ ಕಡೆ ಹೋದೆವು. ತೊರೆಯ ಹೆಸರು ಹೇಳುವುದಿಲ್ಲ. ಇಲ್ಲಿ ಯಾರೂ ಹೇಳುವುದಿಲ್ಲ, ಮನೆಯವರಿಗೂ ಕೂಡ. 1852ರಿಂದ ಚಿನ್ನ ತೆಗೆದ ಸೀಮೆ ಅದು. ಹತ್ತಿರದ ಎಲ್ಡೊರಾಡೊದಲ್ಲಿ ಒಂದು ದೈತ್ಯ ಡ್ರೆಜ್ ಯಂತ್ರ ಇನ್ನೂ ನೀರಿನಲ್ಲಿ ನಿಂತಿದೆ. 1936ರಿಂದ 1954ರವರೆಗೆ ರೀಡಿ ಕ್ರೀಕ್ ಬಯಲನ್ನು ಅಗೆದು ಚಿನ್ನ, ತವರ ಎರಡನ್ನೂ ಜರಡಿ ಹಿಡಿದ ಯಂತ್ರ. ಆ ಕಡೆ ಗ್ರಾನೈಟ್ ನೆಲ ಜಾಸ್ತಿ. ಮರಳು ಬೆಳ್ಳಗೆ, ಡನೋಲಿಯ ಮಣ್ಣಿನ ಹಾಗೆ ಕೂಗಾಡುವುದಿಲ್ಲ. ಸಿಹಿನೀರು ಡಿಟೆಕ್ಟರ್‌ಗೆ ಅಡ್ಡಿಯೇ ಅಲ್ಲ. ಕಾಯಿಲ್ ಗಾಳಿಯಲ್ಲಿದ್ದರೂ ಅಷ್ಟೆ, ತೊರೆಯಲ್ಲಿದ್ದರೂ ಅಷ್ಟೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ, ಅದರ ಕಥೆ ಬೇರೆ.

ಕಾರ್ಡನ್ನು ನೀರಿನಡಿ ಬಂಡೆಯ ಸಂದಿಗೆ ತುರುಕಿ, ಮೇಲೆ ಜಲ್ಲಿ ಮುಚ್ಚಿ ನೋಡಿದೆವು. ಇಲ್ಲಿ ಗೋಲ್ಡ್ ಕ್ರೂಸರ್ ಮುಕ್ಕಾಲು ಪಾಲು ಎಸ್‌ಡಿಸಿಯ ಹತ್ತಿರ ಬಂತು. ಸಣ್ಣ ಆರಿಂಚಿನ ಕಾಯಿಲ್ ಹಾಕಿದ ಈಕ್ವಿನಾಕ್ಸ್ ಕೂಡ ಹಿಂದೆ ಬೀಳಲಿಲ್ಲ. ಅದೂ ಅಲ್ಲದೆ ಆ ಎರಡರಲ್ಲೂ ಕಬ್ಬಿಣವನ್ನು ಬೇರೆ ಮಾಡಿ ಹೇಳುವ ವ್ಯವಸ್ಥೆ ಇದೆ. ಎಸ್‌ಡಿಸಿಗೆ ಅದಿಲ್ಲ. ತುಕ್ಕು ಹಿಡಿದ ಮೊಳೆ, ಬೂಟಿನ ಕೆಳಗಿನ ಆಣಿ, ಬೇಲಿ ತಂತಿ, ಎಲ್ಲಕ್ಕೂ ಒಂದೇ ಉತ್ಸಾಹ. ನೂರೈವತ್ತು ವರ್ಷದ ಹಿಂದೆ ಸಾವಿರಾರು ಜನ ಬೀಡುಬಿಟ್ಟ ತೊರೆಯಲ್ಲಿ ಮೊಳೆಗೆ ಬರವೇ? ತೂಕವೂ ಇದೆ. ಈಕ್ವಿನಾಕ್ಸ್ 1.27 ಕಿಲೋ, ಎಸ್‌ಡಿಸಿ 2.3. ಮಧ್ಯಾಹ್ನದ ಹೊತ್ತಿಗೆ ಆ ಒಂದು ಕಿಲೋ ಭುಜಕ್ಕೆ ಗೊತ್ತಾಗುತ್ತದೆ.

ಅಂದರೆ ಬೀಚ್‌ವರ್ತ್ ತೊರೆ ಮಾತ್ರ ನನ್ನ ಜಾಗ ಆಗಿದ್ದರೆ ಗೋಲ್ಡ್ ಕ್ರೂಸರ್ ಸಾಕಿತ್ತು, ಎರಡು ಸಾವಿರಕ್ಕೂ ಜಾಸ್ತಿ ಡಾಲರ್ ಉಳಿಯುತ್ತಿತ್ತು. ಇದನ್ನು ಒತ್ತಿ ಹೇಳುತ್ತೇನೆ. ‘ಯಾವುದು ಬೆಸ್ಟ್’ ಅಂತ ಕೇಳುವವರು ನೆಲದ ಹೆಸರು ಹೇಳುವುದೇ ಇಲ್ಲ. ನೆಲ ಹೇಳದೆ ಯಂತ್ರ ಕೇಳಿದರೆ ಉತ್ತರ ಸಿಗುವುದಿಲ್ಲ, ಬರೀ ಬ್ರ್ಯಾಂಡಿನ ಜಗಳ ಸಿಗುತ್ತದೆ.

ನನಗೆ ಮೆಲ್ಬರ್ನ್‌ನಿಂದ ಬೀಚ್‌ವರ್ತ್ ಮೂರು ಗಂಟೆ ದಾರಿ. ಕ್ಯಾಸಲ್‌ಮೇನ್, ಮೇರಿಬರೋ ಕಡೆ ಅದಕ್ಕಿಂತ ಹತ್ತಿರ. ಶನಿವಾರ ಮಗನ ಕ್ರಿಕೆಟ್ ಮುಗಿಸಿ ಹೋಗಿಬರೋಕೆ ಆಗುವುದು ಹತ್ತಿರದ್ದೇ. ಅಲ್ಲಿನ ತೊರೆಗಳು ಬೇಸಿಗೆಯಲ್ಲಿ ಬತ್ತುತ್ತವೆ, ಚಳಿಗಾಲದಲ್ಲಿ ಗುಂಡಿಗಳಲ್ಲಿ ಮಾತ್ರ ನೀರು. ತಳದ ಕಲ್ಲಿನ ಮೇಲಿನ ಜಲ್ಲಿಯಲ್ಲಿ ಕಬ್ಬಿಣದ ಕಲ್ಲು ತುಂಬಿರುತ್ತದೆ. ನೀರೂ ಇದೆ, ಕೆಟ್ಟ ನೆಲವೂ ಇದೆ. ಎರಡಕ್ಕೂ ಆಗುವುದು ನನ್ನ ಪಟ್ಟಿಯಲ್ಲಿ ಒಂದೇ ಇತ್ತು. ಎಸ್‌ಡಿಸಿ ಅಂತ ಗಟ್ಟಿ ಮಾಡಿದೆ, ಆದರೆ ಸೆಕೆಂಡ್ ಹ್ಯಾಂಡ್.

ಸೆಕೆಂಡ್ ಹ್ಯಾಂಡ್ ಹುಡುಕಾಟವೇ ಒಂದು ಪುರಾಣ. ಮೈನ್‌ಲ್ಯಾಬ್‌ನ ಚಿನ್ನದ ಯಂತ್ರಗಳಿಗೆ ನಕಲಿ ಕಾಟ ಇದೆ. ನೋಡೋಕೆ ಥೇಟ್ ಅದೇ, ಒಳಗೆ ಬೇರೆಯೇ. ಆದ್ದರಿಂದ ಸೀರಿಯಲ್ ನಂಬರ್ ಕೊಡದವರ ಜೊತೆ ಮಾತೇ ಬೆಳೆಸಲಿಲ್ಲ. ನಂಬರ್ ಸಿಕ್ಕ ಮೇಲೆ ಕಂಪನಿಗೆ ಬರೆದು ಕೇಳಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಹೊಸದರ ಅರ್ಧ ಬೆಲೆಗೆ ‘ಅರ್ಜೆಂಟ್ ಸೇಲ್’ ಅಂದವರನ್ನೂ ಬಿಟ್ಟೆ.

ನೋಡಿದ ಮೊದಲ ಯಂತ್ರ ಮೇಲ್ನೋಟಕ್ಕೆ ಹೊಸದರ ಹಾಗಿತ್ತು. ಮಾಲೀಕರು ಟೀ ಕೊಟ್ಟರು, ಸಿಕ್ಕ ಚಿನ್ನದ ಫೋಟೋ ತೋರಿಸಿದರು. ಹಿರಿಯರು ಹೇಳಿಕೊಟ್ಟಿದ್ದ ಹಾಗೆ ನಾನು ಮೊದಲು ಬ್ಯಾಟರಿ ಮುಚ್ಚಳ ಬಿಚ್ಚಿದೆ. ಎಸ್‌ಡಿಸಿಗೆ ದಪ್ಪ ಸಿ ಸೈಜಿನ ಸೆಲ್ ನಾಲ್ಕು. ಆ ಮುಚ್ಚಳಕ್ಕೆ ರಬ್ಬರಿನ ಓ-ರಿಂಗ್ ಇರುತ್ತದೆ. ನೀರು ಒಳಗೆ ಬರುವುದಿದ್ದರೆ ಅಲ್ಲಿಂದಲೇ. ರಿಂಗ್ ಚಪ್ಪಟೆಯಾಗಿತ್ತು, ಒಳಗೆ ಸ್ಪ್ರಿಂಗಿನ ಬುಡದಲ್ಲಿ ಹಸಿರು ಕಿಲುಬು. “ಯಾವತ್ತೂ ನೀರಿಗೆ ಇಳಿಸಿಲ್ಲ” ಅಂತ ಅವರು ಹೇಳುತ್ತಲೇ ಇದ್ದರು. ಟೀಗೆ ಥ್ಯಾಂಕ್ಸ್ ಹೇಳಿ ಬಂದೆ.

ಕೊನೆಗೆ ಸಿಕ್ಕಿದ್ದು ಗೀಚು ಬಿದ್ದ, ಬಣ್ಣ ಹೋದ ಒಂದು ಯಂತ್ರ. ಕೆಲಸ ಮಾಡಿದ್ದು ಎದ್ದು ಕಾಣುತ್ತಿತ್ತು. ಆದರೆ ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಸವರಿತ್ತು. ಮರಳಿನ ಕಣ ಒಂದೂ ಇರಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಆದರೂ ಆ ಪ್ಲಾಸ್ಟಿಕ್ ಕಾರ್ಡ್ ಕೇಳಿ ತಂದಿದ್ದೆ. ಬಕೆಟ್ಟಿನಲ್ಲಿ ನೀರು ತುಂಬಿ, ಕಾರ್ಡನ್ನು ಕಲ್ಲಿನಡಿ ಇಟ್ಟು, ಕಾಯಿಲ್ ಮುಳುಗಿಸಿ ಕೇಳಿದೆ. ಬಕೆಟ್ ಪ್ಲಾಸ್ಟಿಕ್‌ದೇ ಆಗಿರಬೇಕು, ಹಿಡಿಕೆಯ ಕಬ್ಬಿಣದ ತಂತಿ ಕಳಚಿ. ಮಾರುವವರು ಸುಮ್ಮನೆ ನೋಡುತ್ತಿದ್ದರು, ಬೇಸರ ಮಾಡಿಕೊಳ್ಳಲಿಲ್ಲ. ಅವರೂ ಕೊಳ್ಳುವಾಗ ಹೀಗೇ ಏನೋ ಮಾಡಿರಬೇಕು.

ಯಂತ್ರ ಬಂದ ಮೇಲೆ ಗೊತ್ತಾದ ಒಂದು ಖರ್ಚು ಹೆಡ್‌ಫೋನ್‌ದು. ಯಂತ್ರ ವಾಟರ್‌ಪ್ರೂಫ್ ಆದರೂ ಜೊತೆಗೆ ಬರುವ ಹೆಡ್‌ಫೋನ್ ಅಲ್ಲ. ನೀರಿಗೆ ಆಗುವುದನ್ನು ಬೇರೆಯೇ ಕೊಳ್ಳಬೇಕು. ಬ್ಲೂಟೂತ್ ನಂಬಿಕೊಂಡವರಿಗೂ ಒಂದು ಮಾತು: ಯಂತ್ರದ ಡಬ್ಬಿ ನೀರಿನೊಳಗೆ ಹೋದರೆ ಆ ರೇಡಿಯೋ ಅಲೆ ಹೊರಗೆ ಬರುವುದಿಲ್ಲ, ನೀರು ನುಂಗಿಬಿಡುತ್ತದೆ. ಮುಳುಗಿಸಿ ಕೆಲಸ ಮಾಡೋಕೆ ತಂತಿಯೇ ಬೇಕು. ತೊರೆಯ ಸದ್ದಿನಲ್ಲಿ ಸ್ಪೀಕರ್ ಅಂತೂ ಕೇಳಿಸುವುದೇ ಇಲ್ಲ. ನಾನು ಮಂಡಿಯವರೆಗಷ್ಟೇ ಇಳಿಯುವವನು, ಆದರೂ ತಂತಿಯ ವಾಟರ್‌ಪ್ರೂಫ್ ಹೆಡ್‌ಫೋನನ್ನೇ ತಗೊಂಡೆ. ಬೆಲೆ ಕೇಳಿದರೆ ಇನ್ನೊಂದು ಸಣ್ಣ ಡಿಟೆಕ್ಟರೇ ಬರುತ್ತಿತ್ತೇನೋ ಅನ್ನಿಸಿತು.

ಕಾಯಿಲ್‌ನ ಅಡಿಗೆ ಹಾಕುವ ಪ್ಲಾಸ್ಟಿಕ್ ಕವಚವನ್ನು ನೀರಿನಿಂದ ಎದ್ದಾಗಲೆಲ್ಲ ಬಿಚ್ಚಿ ತೊಳೆಯಬೇಕು. ಅದರೊಳಗೆ ಕಬ್ಬಿಣದಂಶದ ಕರಿಮರಳು ಸೇರಿಕೊಂಡರೆ ಯಂತ್ರ ತನ್ನ ಅಡಿಯ ಮರಳಿಗೇ ಕೂಗುತ್ತಿರುತ್ತದೆ. ಬೂಟು ಗಂಬೂಟೇ ಇರಲಿ, ಮೂತಿಗೆ ಉಕ್ಕು ಇಲ್ಲದ್ದು. ಮನೆಯವಳು ಒಂದು ಸಲ ಉತ್ಸಾಹದಿಂದ ಯಂತ್ರ ಹಿಡಿದು, ಗುರಿ ಎಲ್ಲಿದೆ ನೋಡೋಕೆ ಇನ್ನೊಂದು ಕೈಯಲ್ಲಿ ಜಲ್ಲಿ ಸರಿಸಿದಳು. ಕೈ ಕಾಯಿಲ್ ಹತ್ತಿರ ಬಂದಾಗಲೆಲ್ಲ ಜೋರು ಸದ್ದು. ಬಂಡೆಯಲ್ಲಿ ಚಿನ್ನ ಇತ್ತೋ ಇಲ್ಲವೋ, ಬಳೆಯಲ್ಲಂತೂ ಇತ್ತು.

ತೊರೆಯಲ್ಲಿ ಗುರಿ ಹಿಡಿಯುವುದು ನೆಲದ ಹಾಗಲ್ಲ. ಅಗೆದ ಕೂಡಲೇ ನೀರು ಕದಡಿ ಏನೂ ಕಾಣುವುದಿಲ್ಲ. ಪ್ಲಾಸ್ಟಿಕ್ ಸೌಟಿನ ಹಾಗಿರುವ ಸ್ಕೂಪ್‌ನಲ್ಲಿ ಜಲ್ಲಿ ಎತ್ತಿ ಕಾಯಿಲ್ ಮೇಲೆ ಆಡಿಸಬೇಕು. ಸದ್ದು ಬಂದರೆ ಅರ್ಧ ಚೆಲ್ಲಿ ಮತ್ತೆ ಆಡಿಸಬೇಕು. ಹೀಗೆ ಅರ್ಧ ಅರ್ಧ ಮಾಡುತ್ತಾ ಕೊನೆಗೆ ಅಂಗೈಯಲ್ಲಿ ಒಂದು ಚಿಟಿಕೆ ಉಳಿಯುತ್ತದೆ. ಪಿಕಾಸಿಯ ಹಿಂಬದಿಗೆ ಬಲವಾದ ಅಯಸ್ಕಾಂತ ಅಂಟಿಸಿಕೊಂಡರೆ ಮೊಳೆ ಚೂರುಗಳು ತಾವೇ ಹತ್ತಿಕೊಂಡು ಅರ್ಧ ಕೆಲಸ ಉಳಿಸುತ್ತವೆ.

ಅಯಸ್ಕಾಂತಕ್ಕೆ ಹತ್ತದೆ ಕಾಡುವುದು ಸೀಸದ ಚರೆ. ಬಾತುಕೋಳಿ, ಮೊಲ ಹೊಡೆದವರ ಬಂದೂಕಿನದ್ದು. ದುಂಡಗೆ, ಭಾರವಾಗಿ, ಚಿನ್ನ ಕೂರುವ ಸಂದಿಯಲ್ಲೇ ಕೂರುತ್ತವೆ, ಸದ್ದೂ ಅದೇ. ಕಬ್ಬಿಣ ಬೇರೆ ಮಾಡುವ ಯಂತ್ರವೂ ಇದರ ಮುಂದೆ ಸೋಲುತ್ತದೆ. ಚರೆ ಸಿಕ್ಕರೆ ಹಿರಿಯರಿಗೆ ಖುಷಿ. “ಸೀಸ ನಿಂತ ಕಡೆ ಚಿನ್ನವೂ ನಿಲ್ಲುತ್ತದೆ, ಬಿಡಬೇಡ” ಅನ್ನುತ್ತಾರೆ. ಹಾಗೆ ಬಿಡದೆ ಕೆರೆದ ಒಂದು ಸಂದಿಯಲ್ಲಿ, ಮೂರು ನಾಲ್ಕು ಚರೆಗಳ ಕೆಳಗೆ, ಹಳದಿ ಚೂರು ಬಂತು. 0.14 ಗ್ರಾಂ. ಒಂದು ಗುಲಗಂಜಿ ಮತ್ತೊಂದಿಷ್ಟು. ಮೇಲೆ ಒಂದು ಗೇಣು ನೀರು, ಮೂರು ಬೆರಳು ಜಲ್ಲಿ. ದನಿ ಅಷ್ಟೇನೂ ಜೋರಿರಲಿಲ್ಲ, ಉಸಿರು ಎಳೆದ ಹಾಗೆ ಒಂದು ಏರಿಳಿತ. ಸ್ಪೀಕರ್‌ನಲ್ಲಿ ಖಂಡಿತ ತಪ್ಪಿಹೋಗುತ್ತಿತ್ತು.

ಕಾನೂನು ಗಮನದಲ್ಲಿರಲಿ. ವಿಕ್ಟೋರಿಯಾದಲ್ಲಿ ಕೆಲವು ತೊರೆ, ನದಿಗಳಲ್ಲಿ ಹುಡುಕಾಟ ಪೂರ್ತಿ ನಿಷೇಧ, ಬಹುತೇಕ ರಾಷ್ಟ್ರೀಯ ಉದ್ಯಾನಗಳಲ್ಲೂ ಇಲ್ಲ. ಸರ್ಕಾರದ ಜಿಯೋವಿಕ್ ಎಂಬ ನಕ್ಷೆಯಲ್ಲಿ ಜಾಗ ನೋಡಿಕೊಂಡೇ ಹೊರಡಬೇಕು. ಮೋಟಾರು ಪಂಪು ಹಾಕಿ ತಳ ಹೀರುವ ಹಾಗಿಲ್ಲ. ತೋಡಿದ ಗುಂಡಿ ಮುಚ್ಚಬೇಕು. ಮೂಲನಿವಾಸಿಗಳ ಸ್ಥಳಗಳನ್ನು ಮುಟ್ಟುವಂತಿಲ್ಲ. ಬೇಸಿಗೆಯಲ್ಲಿ ತೊರೆಯ ದಂಡೆ ಹಾವುಗಳದ್ದು. ಟೈಗರ್ ಸ್ನೇಕ್‌ಗೆ ಮೈನರ್ಸ್ ರೈಟ್ ತೋರಿಸಿ ಉಪಯೋಗವಿಲ್ಲ.

ಊರಲ್ಲಿ ಈ ಸುದ್ದಿ ಹಬ್ಬಿದ ಮೇಲೆ ಕೋಲಾರದ ಕಡೆಯ ನಮ್ಮ ಚಿಕ್ಕಪ್ಪ ಫೋನ್ ಮಾಡಿದರು. “ಮುಂದಿನ ಸಲ ಬರುವಾಗ ಅದನ್ನು ತಗೊಂಡ್ ಬಾರಯ್ಯ. ಕೆಜಿಎಫ್ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯ್ತು, ಯಾರು ಕೇಳ್ತಾರೆ?” ಅಂದರು. ಅವರಿಗೆ ಎರಡು ವಿಷಯ ಹೇಳಬೇಕಾಯಿತು. ಅಲ್ಲಿನ ಚಿನ್ನ ಬಹುಮಟ್ಟಿಗೆ ಬೆಣಚುಕಲ್ಲಿನೊಳಗೆ ಸಣ್ಣ ಹುಡಿಯಾಗಿ ಸೇರಿರುವುದು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರ್‌ಗೂ ಆಳ ಇಳಿದಿತ್ತು. ಅಂಥ ಹುಡಿಗೆ ಯಾವ ಡಿಟೆಕ್ಟರ್ ಕೂಡ ಬಾಯಿ ಬಿಡುವುದಿಲ್ಲ. ನಮ್ಮಲ್ಲಿ ತೊರೆಯ ಚಿನ್ನ ಇರಲಿಲ್ಲ ಅಂತಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದ ಜಲಗಾರರು ಇದ್ದರು, ಆದರೆ ಅದೂ ತಟ್ಟೆಗೆ ಸಿಗುವ ಹುಡಿಯೇ. ಎರಡನೆಯದು ಕಾನೂನು. ಅಲ್ಲಿ ಭೂಮಿಯೊಳಗಿನ ಚಿನ್ನ ಕಂಡವರದ್ದಲ್ಲ, ಹೂತಿಟ್ಟ ನಿಧಿ ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕು. ಬ್ರಿಟಿಷರ 1878ರ ಕಾಯ್ದೆಯಲ್ಲೇ ಹತ್ತು ರೂಪಾಯಿ ಮೀರಿದ ನಿಧಿಗೆ ಈ ಕಟ್ಟಳೆ ಇತ್ತು. ಚಿಕ್ಕಪ್ಪನಿಗೆ ಎರಡನೆಯದಕ್ಕಿಂತ ಮೊದಲನೆಯದೇ ಬೇಜಾರಾಯಿತು.

ನನ್ನನ್ನು ನೋಡಿ ಜಿಲಾಂಗ್‌ನಲ್ಲಿರುವ ಹಾಸನದ ಗೆಳೆಯನೊಬ್ಬ ಯಂತ್ರ ಕೊಳ್ಳೋಕೆ ಹೊರಟಿದ್ದ. ಎಸ್‌ಡಿಸಿಯನ್ನೇ ತಗೊಳ್ಳಲಾ ಅಂತ ಕೇಳಿದ. ಅವನು ಹೋಗುವುದು ಸಮುದ್ರ ದಂಡೆಗೆ. ಈಜುವವರ ಬೆರಳಿನಿಂದ ಜಾರಿದ ಉಂಗುರ, ಕಿವಿಯೋಲೆ ಹುಡುಕುತ್ತಾನೆ. ಒದ್ದೆ ಉಪ್ಪು ಮರಳಿನಲ್ಲಿ ಒಂದೇ ಒಂದು, ಅದೂ ಹೆಚ್ಚಿನ ಫ್ರೀಕ್ವೆನ್ಸಿಯ ಯಂತ್ರ ಅರಚಿ ಅರಚಿ ಸಾಕುಮಾಡುತ್ತದೆ, ಹಾಗಾಗಿ ಗೋಲ್ಡ್ ಕ್ರೂಸರ್ ಬೇಡ. ಬಾಟಲಿ ಮುಚ್ಚಳ, ಮೊಳೆಗಳ ನಡುವೆ ಎಸ್‌ಡಿಸಿ ಹಿಡಿದರೆ ದಿನವಿಡೀ ಕಸ ಹೆಕ್ಕುತ್ತಾನೆ. ಅವನಿಗೆ ಈಕ್ವಿನಾಕ್ಸ್ 900 ಅಂದೆ. ಡಬ್ಬಿಯಲ್ಲಿ ಹನ್ನೊಂದು ಇಂಚು, ಆರು ಇಂಚು ಎರಡೂ ಕಾಯಿಲ್ ಬರುತ್ತವೆ. ದೊಡ್ಡದನ್ನು ದಂಡೆಗೆ ಅವನು ಇಟ್ಟುಕೊಳ್ಳಲಿ. ಚಿಕ್ಕದನ್ನು ಹಾಕಿಕೊಂಡು ಬೀಚ್‌ವರ್ತ್‌ಗೆ ನನ್ನ ಜೊತೆ ಬರಲಿ ಅಂತ ಹೇಳಿದ್ದೇನೆ. ಬಂದರೆ ತೊರೆಯ ಹೆಸರು ಹೇಳಬೇಕಾಗುತ್ತದೆ, ಅದೊಂದೇ ಯೋಚನೆ.